ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು: ಎಸ್‌ಎಂಪಿಎಸ್ ಬದಲಿಸಿದ ಮೇಲೆ ಏನು ನೋಡಬೇಕು?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. 2017ರಲ್ಲಿ ಬೆಂಗಳೂರಿನಲ್ಲಿರುವ ಅಕ್ಕನ ಮಗ ಒಂದು ಡೆಸ್ಕ್‌ಟಾಪ್ ಜೋಡಿಸಿಕೊಟ್ಟಿದ್ದ. ತೋಟದ ಖರ್ಚು, ಚಾಲಿ ಮತ್ತು ರಾಶಿ ಅಡಿಕೆ ಮಾರಿದ ಲೆಕ್ಕ, ಕೆಲಸದವರ ಬಟವಾಡೆ ಎಲ್ಲವೂ ಅದರಲ್ಲೇ ಇದೆ. ಕಳೆದ ತಿಂಗಳು ಒಂದು ಸಂಜೆ ಗುಡುಗು ಮಿಂಚಿನ ನಡುವೆ ಟಪ್ಪೆಂದು ಸದ್ದಾಗಿ ಕಂಪ್ಯೂಟರ್ ಆರಿತು, ಅದಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಕಡೆಯಿಂದ ಸುಟ್ಟ ವಾಸನೆ ಬಂತು. ಬೇರೆ ಕಂಪನಿಯ 550 ವ್ಯಾಟಿನ ಹೊಸದನ್ನು ತರಿಸಿ ನಾನೇ ಕೂರಿಸಿದೆ. ಹಳೆಯದರಂತೆ ಇದಕ್ಕೂ ಕೇಬಲ್‌ಗಳನ್ನು ಬೇಕಾದಾಗ ಸಿಕ್ಕಿಸಿಕೊಳ್ಳಬಹುದು. ಹಾರ್ಡ್ ಡಿಸ್ಕಿನ ಹಳೆಯ ಕೇಬಲ್ ಅಚ್ಚುಕಟ್ಟಾಗಿ ಕಟ್ಟಿದ್ದರಿಂದ ಅದನ್ನು ಬಿಚ್ಚದೆ, ಅದರ ತುದಿಯನ್ನೇ ಹೊಸ ಎಸ್‌ಎಂಪಿಎಸ್‌ಗೆ ಸಿಕ್ಕಿಸಿದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲವಾದ್ದರಿಂದ 8 ಪಿನ್ನಿನ ಕೇಬಲ್‌ಗಳನ್ನು ಮಡಚಿ ಕಟ್ಟಿಟ್ಟೆ. ಸ್ವಿಚ್ ಒತ್ತಿದರೆ ಫ್ಯಾನ್ ಒಂದು ಕ್ಷಣ ಅಲುಗಿ ನಿಂತುಬಿಡುತ್ತದೆ. ಹಾರ್ಡ್ ಡಿಸ್ಕ್ ಬಿಡಿಸಿದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಆದರೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಫೋನಿನಲ್ಲಿ ವಿಚಾರಿಸಿದಾಗ ಒಬ್ಬರು ‘ಮದರ್‌ಬೋರ್ಡ್ ಹೋಗಿದೆ, ಹೊಸ ಕಂಪ್ಯೂಟರ್ ತೆಗೆದುಕೊಳ್ಳಿ’ ಎಂದರು. ನಿಜವೇ? ನನ್ನ ಲೆಕ್ಕವೆಲ್ಲ ಹೋಯಿತೇ? 550 ವ್ಯಾಟ್ ಹಾಕಿದ್ದಕ್ಕೆ ಕರೆಂಟ್ ಬಿಲ್ ಹೆಚ್ಚಾಗುತ್ತದೆಯೇ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಗೋಡೆಯ ಪ್ಲಗ್ ಕಿತ್ತಿಡಿ. ಈ ಉತ್ತರವನ್ನು ಪೂರ್ತಿ ಓದುವವರೆಗೆ ಆ ಸ್ವಿಚ್ ಒತ್ತಬೇಡಿ, ಹಾರ್ಡ್ ಡಿಸ್ಕನ್ನು ಇನ್ನೊಮ್ಮೆ ಸಿಕ್ಕಿಸಿ ನೋಡಬೇಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಚಿಂತೆಯಿಂದ ಬರೆದಿರುವುದು ಮದರ್‌ಬೋರ್ಡಿನ ಬಗ್ಗೆ. ನನ್ನನ್ನು ತಡೆದು ನಿಲ್ಲಿಸಿದ್ದು ನೀವು ಮಾತಿನ ನಡುವೆ ಸುಮ್ಮನೆ ಹೇಳಿಹೋದ ಎರಡು ಸಂಗತಿಗಳು. ಒಂದು, ಹಾರ್ಡ್ ಡಿಸ್ಕಿಗೆ ಹಳೆಯ ಕೇಬಲ್ಲನ್ನೇ ಉಳಿಸಿಕೊಂಡದ್ದು. ಇನ್ನೊಂದು, 8 ಪಿನ್ನಿನ ಕೇಬಲ್‌ಗಳನ್ನು ಕಟ್ಟಿಟ್ಟದ್ದು. ನಿಮ್ಮ ಕಂಪ್ಯೂಟರಿನಲ್ಲಿ ಈಗ ಒಂದಲ್ಲ, ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು ಇನ್ನೊಂದನ್ನು ಮರೆಮಾಡುತ್ತಿದೆ. ಮದರ್‌ಬೋರ್ಡ್ ಸತ್ತಿದೆ ಎನ್ನಲು ಇವೆರಡೂ ತೀರುವವರೆಗೆ ಯಾರಿಗೂ ಆಧಾರವಿಲ್ಲ.

ಕೇಬಲ್ಲಿನ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಲೆಕ್ಕದ ಅಳಿವು ಉಳಿವು ಅದರಲ್ಲಿದೆ. ಕಂಪ್ಯೂಟರಿನ ಒಳಗೆ ಹಾರ್ಡ್ ಡಿಸ್ಕಿಗೆ ಹೋಗುವ ತುದಿ ಎಲ್ಲ ಕಡೆಯೂ ಒಂದೇ. ಚಪ್ಪಟೆಯಾದ ಆ ಸಾಟಾ ತುದಿಯಲ್ಲಿ 15 ಸಣ್ಣ ಪಟ್ಟಿಗಳಿರುತ್ತವೆ. ಮೂರು 3.3 ವೋಲ್ಟಿಗೆ, ಮೂರು ಗ್ರೌಂಡ್ (ವಿದ್ಯುತ್ ವಾಪಸಾಗುವ ದಾರಿ), ಮೂರು 5 ವೋಲ್ಟಿಗೆ, ಮತ್ತೆ ಮೂರು ಗ್ರೌಂಡ್, ಕೊನೆಯ ಮೂರು 12 ವೋಲ್ಟಿಗೆ. ಇದಕ್ಕೆ ನಿಯಮವಿದೆ, ಎಲ್ಲ ತಯಾರಕರೂ ಪಾಲಿಸುತ್ತಾರೆ. ಆದರೆ ಅದೇ ಕೇಬಲ್ಲಿನ ಇನ್ನೊಂದು ತುದಿಗೆ, ಅಂದರೆ ಎಸ್‌ಎಂಪಿಎಸ್ ಪೆಟ್ಟಿಗೆಗೆ ಸಿಕ್ಕಿಸುವ ತುದಿಗೆ, ಯಾವ ನಿಯಮವೂ ಇಲ್ಲ. ಯಾವ ಪಿನ್ನಿನಲ್ಲಿ 5 ವೋಲ್ಟ್, ಯಾವುದರಲ್ಲಿ 12 ವೋಲ್ಟ್ ಎಂಬುದನ್ನು ಪ್ರತಿ ಕಂಪನಿಯೂ ತನಗೆ ಬೇಕಾದಂತೆ ಇಟ್ಟುಕೊಳ್ಳುತ್ತದೆ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆಯಾಗಿರಬಹುದು. ಪ್ಲಗ್ಗಿನ ಆಕಾರ ಮಾತ್ರ ಎಷ್ಟೋ ಸಲ ಒಂದೇ ಇರುತ್ತದೆ. ಹಾಗಾಗಿ ಹಳೆಯ ಕೇಬಲ್ ಹೊಸ ಪೆಟ್ಟಿಗೆಗೆ ಸಲೀಸಾಗಿ ಕೂತುಕೊಳ್ಳುತ್ತದೆ, ‘ಟಿಕ್’ ಎಂದು ಲಾಕ್ ಕೂಡ ಆಗುತ್ತದೆ, ಮತ್ತು 5 ವೋಲ್ಟ್ ಹೋಗಬೇಕಾದ ದಾರಿಯಲ್ಲಿ 12 ವೋಲ್ಟ್ ಹೋಗುತ್ತದೆ.

ಇದು ಪುಸ್ತಕದಲ್ಲಿ ಓದಿ ಹೇಳುತ್ತಿರುವ ಮಾತಲ್ಲ. ಹಲವು ವರ್ಷಗಳ ಹಿಂದೆ ಕಾರವಾರದಲ್ಲಿ ನನ್ನ ಮೇಜಿನ ಮೇಲೆ ಒಂದು ಫೋಟೊ ಸ್ಟುಡಿಯೊದ ಕಂಪ್ಯೂಟರ್ ಇತ್ತು. ಎಸ್‌ಎಂಪಿಎಸ್ ಬದಲಿಸುವಾಗ ಕೇಬಲ್ ಉದ್ದ ಸಾಲಲಿಲ್ಲವೆಂದು ಡ್ರಾಯರಿನಲ್ಲಿದ್ದ ಇನ್ನೊಂದು ಕಂಪನಿಯ ಕೇಬಲ್ ಹಾಕಿದೆ. ಸ್ವಿಚ್ ಒತ್ತಿದ ಕ್ಷಣದಲ್ಲೇ, ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕ್ ಆದ ಎಸ್‌ಎಸ್‌ಡಿಯ ಕಡೆಯಿಂದ ಕಡ್ಡಿ ಗೀರಿದಂತಹ ಸಣ್ಣ ಶಬ್ದ, ಆಮೇಲೆ ಬೆಲ್ಲ ಸೀದಂತಹ ವಾಸನೆ. ಒಂದು ಮದುವೆಯ ಚಿತ್ರಗಳು ಅದರಲ್ಲಿದ್ದವು. ಅವರ ಬಳಿ ಕ್ಯಾಮೆರಾದ ಕಾರ್ಡುಗಳು ಅಳಿಸದೆ ಉಳಿದಿದ್ದರಿಂದ ಆ ಮನೆಯವರಿಗೆ ಚಿತ್ರ ಸಿಕ್ಕಿತು, ಎಸ್‌ಎಸ್‌ಡಿಯಿಂದ ಏನೂ ಬರಲಿಲ್ಲ. ಅಂದಿನಿಂದ ನಾನು ಹಳೆಯ ಎಸ್‌ಎಂಪಿಎಸ್ ತೆಗೆದ ಕೂಡಲೇ ಅದರ ಕೇಬಲ್‌ಗಳನ್ನೆಲ್ಲ ಅದಕ್ಕೇ ಸುತ್ತಿ ದಾರ ಕಟ್ಟಿಬಿಡುತ್ತೇನೆ, ಬೇರೆಯಾಗಿ ಇಡುವುದೇ ಇಲ್ಲ. ನೀವೂ ಇವತ್ತೇ ಹಾಗೆ ಮಾಡಿ. ಕ್ಯಾಬಿನೆಟ್ಟಿನೊಳಗೆ ಹಳೆಯ ಕೇಬಲ್ ಒಂದೂ ಉಳಿಯಬಾರದು. ಹಾರ್ಡ್ ಡಿಸ್ಕಿನದು ಮಾತ್ರವಲ್ಲ, ಡಿವಿಡಿ ಡ್ರೈವಿನದು, ಮದರ್‌ಬೋರ್ಡಿನದು ಎಲ್ಲವೂ ಹೊಸ ಪೆಟ್ಟಿಗೆಯ ಜೊತೆ ಬಂದವೇ ಆಗಿರಬೇಕು. ಡೇಟಾ ಹರಿಯುವ ತೆಳ್ಳನೆಯ ಸಾಟಾ ಕೇಬಲ್ ಹಳೆಯದಿದ್ದರೆ ತೊಂದರೆಯಿಲ್ಲ, ಅದು ಎಸ್‌ಎಂಪಿಎಸ್‌ಗೆ ಸಂಬಂಧಿಸಿದ್ದಲ್ಲ.

ನಿಮ್ಮ ಮೊದಲ ಲಕ್ಷಣ ಈಗ ತಾನಾಗಿ ಅರ್ಥವಾಗುತ್ತದೆ. ಫ್ಯಾನ್ ಒಂದು ಕ್ಷಣ ಅಲುಗಿ ನಿಲ್ಲುವುದೆಂದರೆ ಎಸ್‌ಎಂಪಿಎಸ್ ಎಲ್ಲೋ ಶಾರ್ಟ್ ಕಂಡು ತನ್ನನ್ನು ತಾನೇ ಮುಚ್ಚಿಕೊಂಡಿದೆ. ಒಳ್ಳೆಯ ಪೆಟ್ಟಿಗೆ ಹಾಗೆ ಮಾಡಬೇಕು. ನೀವು ಕೊಂಡದ್ದು ಕೆಟ್ಟ ಮಾಲಲ್ಲ ಎಂಬುದಕ್ಕೂ ಅದೇ ಸಾಕ್ಷಿ. ಅಗ್ಗದ ಪೆಟ್ಟಿಗೆಯಾಗಿದ್ದರೆ ನಿಲ್ಲದೆ ಸುಡುತ್ತಲೇ ಇರಬಹುದಿತ್ತು.

ಹಾಗಾದರೆ ಹಾರ್ಡ್ ಡಿಸ್ಕ್ ಸತ್ತಿದೆಯೇ? ಇಲ್ಲಿ ನಿಮಗೆ ಸ್ವಲ್ಪ ಧೈರ್ಯ ಹೇಳಬಲ್ಲೆ. 3.5 ಇಂಚಿನ ಹಾರ್ಡ್ ಡಿಸ್ಕ್ ತಿರುಗಿಸಿ ನೋಡಿದರೆ ಕೆಳಗೆ ಹಸಿರು ಅಥವಾ ನೀಲಿ ಬಣ್ಣದ ಒಂದು ಸರ್ಕ್ಯೂಟ್ ಹಲಗೆ ಇರುತ್ತದೆ. ವಿದ್ಯುತ್ ಒಳಬರುವ ತುದಿಯ ಹತ್ತಿರವೇ ಅಕ್ಕಿಕಾಳಿಗಿಂತ ತುಸು ದಪ್ಪನಾದ ಕಪ್ಪು ಬಿಡಿಭಾಗಗಳು ಸಾಮಾನ್ಯವಾಗಿ ಎರಡು ಇರುತ್ತವೆ, 5 ವೋಲ್ಟಿಗೊಂದು, 12 ವೋಲ್ಟಿಗೊಂದು. ಇವು ಟಿವಿಎಸ್ ಡಯೋಡ್‌ಗಳು, ಬಾಗಿಲ ಕಾವಲುಗಾರರು. ಮಿತಿಮೀರಿದ ವೋಲ್ಟೇಜ್ ಬಂದರೆ ತಾವು ಶಾರ್ಟ್ ಆಗಿ ಅದನ್ನು ಗ್ರೌಂಡಿಗೆ ಹರಿಸುತ್ತವೆ, ಎಷ್ಟೋ ಸಲ ಆ ಕೆಲಸದಲ್ಲೇ ಸಾಯುತ್ತವೆ. ಅವು ಸತ್ತಿದ್ದರೆ ಡಿಸ್ಕಿನ ತಟ್ಟೆಗಳ ಮೇಲಿರುವ ನಿಮ್ಮ ಲೆಕ್ಕಕ್ಕೆ ಏನೂ ಆಗಿರಲಿಕ್ಕಿಲ್ಲ.

ನೋಡುವುದು ಹೀಗೆ. ಡಿಸ್ಕನ್ನು ಎಲ್ಲ ಕೇಬಲ್‌ಗಳಿಂದ ಬಿಡಿಸಿ ಮೇಜಿನ ಮೇಲೆ ಬಟ್ಟೆ ಹಾಸಿ ಇಡಿ. ಮಲ್ಟಿಮೀಟರನ್ನು ಓಮ್ಸ್‌ಗೆ ತಿರುಗಿಸಿ. ವಿದ್ಯುತ್ ತುದಿಯ ಪಟ್ಟಿಗಳನ್ನು ಡೇಟಾ ಕೇಬಲ್ ಇರುವ ಬದಿಯಿಂದ ಎಣಿಸಿಕೊಂಡು ಬನ್ನಿ: 4, 5, 6 ಗ್ರೌಂಡ್; 7, 8, 9 ಐದು ವೋಲ್ಟಿನವು; 13, 14, 15 ಹನ್ನೆರಡು ವೋಲ್ಟಿನವು. ಕಪ್ಪು ಕಡ್ಡಿಯನ್ನು ಗ್ರೌಂಡಿಗೆ ಹಿಡಿದು, ಕೆಂಪು ಕಡ್ಡಿಯನ್ನು ಮೊದಲು 5ರ ಪಟ್ಟಿಗೆ, ಆಮೇಲೆ 12ರ ಪಟ್ಟಿಗೆ ಮುಟ್ಟಿಸಿ. ಪಟ್ಟಿಗಳು ಬಹಳ ಕಿರಿದು, ಕಡ್ಡಿಯ ತುದಿಗೆ ಗುಂಡುಸೂಜಿ ಕಟ್ಟಿಕೊಂಡರೆ ಸುಲಭ. ಮೀಟರಿನ ಅಂಕಿ ಮೆಲ್ಲನೆ ಮೇಲೇರುತ್ತ ಹೋದರೆ ಒಳ್ಳೆಯ ಸುದ್ದಿ, ಅಲ್ಲಿರುವ ಕೆಪಾಸಿಟರ್‌ಗಳು (ವಿದ್ಯುತ್ ಕೂಡಿಡುವ ಬಿಡಿಭಾಗಗಳು) ತುಂಬಿಕೊಳ್ಳುತ್ತಿವೆ ಎಂದರ್ಥ. ಒಂದೆರಡು ಓಮ್‌ನಲ್ಲೇ ನಿಂತುಬಿಟ್ಟರೆ ಶಾರ್ಟ್ ಇದೆ. ಆಗ ಅದನ್ನು ಯಾವ ಕಂಪ್ಯೂಟರಿಗೂ ಸಿಕ್ಕಿಸಬೇಡಿ, ಡೇಟಾ ಉಳಿಸಿಕೊಡುವ ಕೆಲಸವನ್ನೇ ಮಾಡುವವರ ಬಳಿ ಒಯ್ಯಿರಿ. ಶಾರ್ಟ್ ಆದ ಡಯೋಡನ್ನು ತೆಗೆದು, ನಂಬಬಹುದಾದ ಎಸ್‌ಎಂಪಿಎಸ್‌ನಲ್ಲಿ ಡಿಸ್ಕ್ ನಡೆಸಿ, ಒಳಗಿರುವುದನ್ನೆಲ್ಲ ಬೇರೆಡೆ ನಕಲು ಮಾಡಿಕೊಡುವುದು ಅವರಿಗೆ ಗೊತ್ತಿರುವ ಕೆಲಸ. ‘ಇದೇ ಮಾದರಿಯ ಇನ್ನೊಂದು ಡಿಸ್ಕಿನ ಹಲಗೆ ತಂದು ಹಾಕಿ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಈಗಿನ ಡಿಸ್ಕುಗಳಲ್ಲಿ ಆಯಾ ಡಿಸ್ಕಿಗೇ ಹೊಂದಿಸಿದ ವಿವರಗಳು ಆ ಹಲಗೆಯ ಒಂದು ಚಿಪ್ಪಿನಲ್ಲಿರುತ್ತವೆ. ಅದನ್ನೂ ಸ್ಥಳಾಂತರಿಸದೆ ಹಲಗೆ ಮಾತ್ರ ಬದಲಿಸಿದರೆ ಡಿಸ್ಕ್ ಓದುವುದಿಲ್ಲ.

ಡಿಸ್ಕ್ ಅಲ್ಲೇ ಇರಲಿ. ಇನ್ನು ಎರಡನೆಯ ತೊಂದರೆ.

ಡಿಸ್ಕ್ ಬಿಡಿಸಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಫ್ಯಾನ್ ತಿರುಗುವುದನ್ನು ನೋಡಿ ‘ಕರೆಂಟ್ ಎಲ್ಲ ಕಡೆ ಹೋಗುತ್ತಿದೆ’ ಎಂದು ಬಹಳ ಜನ ನಂಬುತ್ತಾರೆ. ಹಾಗಲ್ಲ. ಮದರ್‌ಬೋರ್ಡಿಗೆ ಎಸ್‌ಎಂಪಿಎಸ್‌ನಿಂದ ಎರಡು ದಾರಿಗಳಲ್ಲಿ ವಿದ್ಯುತ್ ಬರುತ್ತದೆ. 24 ಪಿನ್ನಿನ ಅಗಲವಾದ ಕೇಬಲ್ ಬೋರ್ಡಿಗೆ, ಫ್ಯಾನುಗಳಿಗೆ, ಯುಎಸ್‌ಬಿಗೆ. ಪ್ರೊಸೆಸರಿಗೆ ಬೇರೆಯೇ ಒಂದು 12 ವೋಲ್ಟಿನ ಕೇಬಲ್, 4 ಅಥವಾ 8 ಪಿನ್ನಿನದು. ಮೊದಲನೆಯದನ್ನು ಮಾತ್ರ ಹಾಕಿದರೆ ಫ್ಯಾನ್ ತಿರುಗುತ್ತದೆ, ದೀಪ ಹೊತ್ತುತ್ತದೆ, ಪ್ರೊಸೆಸರ್ ಮಾತ್ರ ಏಳುವುದಿಲ್ಲ. ಅದು ಏಳದೆ ಚಿತ್ರ ಬರುವುದಿಲ್ಲ, ಬೀಪ್ ಕೂಡ ಬರುವುದಿಲ್ಲ. ನೀವು ಗ್ರಾಫಿಕ್ಸ್ ಕಾರ್ಡಿನದೆಂದು ತಿಳಿದು ಮಡಚಿ ಕಟ್ಟಿಟ್ಟ 8 ಪಿನ್ನಿನ ಕೇಬಲ್‌ಗಳಲ್ಲಿ ಒಂದು ಬಹುತೇಕ ಇದೇ ಇರಬೇಕು.

ಯಾವುದು ಎಂದು ಗುರುತಿಸುವುದು ಮುಖ್ಯ, ಏಕೆಂದರೆ ನೋಡಲು ಎರಡೂ ಅಣ್ಣತಮ್ಮಂದಿರಂತೆ. ಪ್ರೊಸೆಸರಿನ ಕೇಬಲ್ ನಡುವೆ ಸೀಳಿದರೆ ಸಾಮಾನ್ಯವಾಗಿ ನಾಲ್ಕು ನಾಲ್ಕಾಗಿ ಒಡೆಯುತ್ತದೆ. ಗ್ರಾಫಿಕ್ಸ್ ಕಾರ್ಡಿನದು ಆರು ಮತ್ತು ಎರಡಾಗಿ ಒಡೆಯುತ್ತದೆ. ತುದಿಯ ಮೇಲೆ ‘ಸಿಪಿಯು’ ಎಂದೋ ‘ಪಿಸಿಐಇ’ ಎಂದೋ ಇಂಗ್ಲಿಷಿನಲ್ಲಿ ಅಚ್ಚೊತ್ತಿರುತ್ತಾರೆ. ಒಂದರಲ್ಲಿ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದರಲ್ಲಿ ಗ್ರೌಂಡ್ ಇರುತ್ತದೆ, ಆದ್ದರಿಂದ ತಪ್ಪು ಕೇಬಲ್ಲನ್ನು ಒತ್ತಿ ತುರುಕಿದರೆ ನೇರ ಶಾರ್ಟ್. ಪಿನ್ನುಗಳ ಆಕಾರ ನೋಡಿ: ಕೆಲವು ಚೌಕ, ಕೆಲವಕ್ಕೆ ಮೂಲೆ ಕತ್ತರಿಸಿರುತ್ತದೆ. ಅವು ಎದುರಿನ ಕುಳಿಗೆ ಹೊಂದಬೇಕು. ಸರಿಯಾದದ್ದು ಹೆಬ್ಬೆರಳಿನ ಒತ್ತಿಗೆ ಕೂರುತ್ತದೆ. ಬಲ ಹಾಕಬೇಕಾಗಿ ಬಂದರೆ ಅದು ಅಲ್ಲ. ಕುಳಿ ಇರುವುದು ಬೋರ್ಡಿನ ಮೇಲಂಚಿನ ಮೂಲೆಯಲ್ಲಿ, ಪ್ರೊಸೆಸರ್ ಫ್ಯಾನಿನ ಪಕ್ಕಕ್ಕೆ. ಎಸ್‌ಎಂಪಿಎಸ್ ಮೇಲ್ಗಡೆ ಇರುವ ಕ್ಯಾಬಿನೆಟ್ಟಿನಲ್ಲಿ ಕೈ ಹೋಗುವುದೇ ಕಷ್ಟ, ಟಾರ್ಚ್ ಹಿಡಿಯಲು ಮನೆಯ ಮಕ್ಕಳನ್ನು ಕರೆಯಿರಿ. ಬೋರ್ಡಿನಲ್ಲಿ 4 ಪಿನ್ನಿನ ಕುಳಿ ಮಾತ್ರ ಇದ್ದರೆ ಒಡೆದ ಎರಡು ಭಾಗಗಳಲ್ಲಿ ಆಕಾರ ಹೊಂದುವ ಒಂದು ಭಾಗ ಸಾಕು.

24 ಪಿನ್ನಿನದನ್ನೂ ಒಮ್ಮೆ ತೆಗೆದು ಮತ್ತೆ ಕೂರಿಸಿ. ಅದು ಅರ್ಧ ಕೂತಿದ್ದರೂ ಕೆಲವೊಮ್ಮೆ ಫ್ಯಾನ್ ತಿರುಗುತ್ತದೆ. ಬೋರ್ಡಿನ ಅಂಚನ್ನು ಕೆಳಗಿನಿಂದ ಬೆರಳಿನಿಂದ ಆನಿಸಿಕೊಂಡು ಒತ್ತಿ, ಇಲ್ಲವಾದರೆ ಹಲಗೆ ಬಾಗುತ್ತದೆ. ಕೊಕ್ಕೆ ತನ್ನ ಹಲ್ಲಿನ ಮೇಲೆ ಬಿದ್ದಿರುವುದನ್ನು ಕಣ್ಣಾರೆ ನೋಡಿ.

ಮತ್ತೆ ಸ್ವಿಚ್ ಒತ್ತುವ ಮೊದಲು ಹೊಸ ಪೆಟ್ಟಿಗೆಯನ್ನು ಒಂಟಿಯಾಗಿ ಪರೀಕ್ಷಿಸಿಕೊಂಡರೆ ನನಗೂ ನೆಮ್ಮದಿ, ನಿಮಗೂ ನೆಮ್ಮದಿ. ಶಾರ್ಟಿನಲ್ಲಿ ಅದಕ್ಕೂ ಏಟು ಬಿದ್ದಿರಬಹುದಲ್ಲ. ಎಲ್ಲ ಕೇಬಲ್ ಬೋರ್ಡಿನಿಂದ ಬಿಡಿಸಿ. ಗೋಡೆಯ ಪ್ಲಗ್ ಹೊರಗಿರುವಾಗಲೇ 24 ಪಿನ್ನಿನ ತುದಿಯಲ್ಲಿ 16ನೆಯ ಪಿನ್ನನ್ನೂ ಅದರ ಪಕ್ಕದ 17ನೆಯ ಗ್ರೌಂಡನ್ನೂ ಕಾಗದದ ಕ್ಲಿಪ್ ಬಗ್ಗಿಸಿ ಜೋಡಿಸಿ. ಹಳೆಯ ಮಾದರಿಯಲ್ಲಾದರೆ ಹಸಿರು ತಂತಿ ಮತ್ತು ಕಪ್ಪು ತಂತಿ ಎಂದರೆ ಸಾಕಿತ್ತು, ಈಗಿನ ಹಲವದರಲ್ಲಿ ಎಲ್ಲ ತಂತಿಯೂ ಕಪ್ಪು, ಆದ್ದರಿಂದ ಕೈಪಿಡಿಯ ಚಿತ್ರ ನೋಡಿ ಎಣಿಸಿ. ಆಮೇಲೆ ಪ್ಲಗ್ ಹಾಕಿ, ಹಿಂದಿನ ಸ್ವಿಚ್ ಹಾಕಿ. ಫ್ಯಾನ್ ತಿರುಗಬಹುದು, ತಿರುಗದೆಯೂ ಇರಬಹುದು, ಹೊರೆ ಇಲ್ಲದಾಗ ಫ್ಯಾನ್ ನಿಲ್ಲಿಸುವ ಮಾದರಿಗಳಿವೆ. ಮೀಟರನ್ನೇ ನಂಬಿ. ನಾಲ್ಕು ಪಿನ್ನಿನ ದೊಡ್ಡ ಮೋಲೆಕ್ಸ್ ತುದಿ ಇದ್ದರೆ ಅಳೆಯುವುದು ಸುಲಭ: ನಡುವಿನ ಎರಡು ಗ್ರೌಂಡ್, ಒಂದು ಅಂಚು 12, ಇನ್ನೊಂದು ಅಂಚು 5. ನಿಯಮದ ಪ್ರಕಾರ ಶೇಕಡಾ 5ರಷ್ಟು ಹೆಚ್ಚುಕಡಿಮೆ ಇರಬಹುದು. ಅಂದರೆ 12 ವೋಲ್ಟ್ 11.4ರಿಂದ 12.6ರೊಳಗೆ, 5 ವೋಲ್ಟ್ 4.75ರಿಂದ 5.25ರೊಳಗೆ. ಪೆಟ್ಟಿಗೆಯ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಸುಟ್ಟ ಹಳೆಯದರದ್ದೂ ಬೇಡ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತದೆ, ಕೆಟ್ಟ ಪೆಟ್ಟಿಗೆಯಲ್ಲಿ ಎಷ್ಟು ಹೊತ್ತು ಎಂದು ಹೇಳಲಾಗದು.

ಅಂಕಿಗಳು ಸರಿಯಿದ್ದರೆ ಪ್ಲಗ್ ಕಿತ್ತು, ಕ್ಲಿಪ್ ತೆಗೆದು, 24 ಪಿನ್ ಮತ್ತು ಪ್ರೊಸೆಸರಿನ ಕೇಬಲ್ ಎರಡನ್ನೇ ಬೋರ್ಡಿಗೆ ಹಾಕಿ. ಡಿಸ್ಕ್ ಬೇಡ, ಡಿವಿಡಿ ಬೇಡ, ಪ್ರಿಂಟರ್ ಬೇಡ. ಒಂದೇ ರ‍್ಯಾಮ್ (ಬೋರ್ಡಿಗೆ ಸಿಕ್ಕಿಸುವ ನೆನಪಿನ ಪಟ್ಟಿ), ಕೀಬೋರ್ಡ್, ಮಾನಿಟರ್. ಈಗ ಒತ್ತಿ ನೋಡಿ. ಪರದೆಯ ಮೇಲೆ ಬೋರ್ಡಿನ ಕಂಪನಿಯ ಗುರುತು ಬಂದು, ಬೂಟ್ ಮಾಡಲು ಏನೂ ಸಿಗಲಿಲ್ಲ ಎಂದು ಇಂಗ್ಲಿಷಿನಲ್ಲಿ ದೂರಿದರೆ ಸಂತೋಷಪಡಿ. ಮದರ್‌ಬೋರ್ಡ್ ಜೀವಂತವಾಗಿದೆ. ನೀವು ಕೊಟ್ಟ ವಿವರಗಳ ಮೇಲೆ ಹೇಳುವುದಾದರೆ ಹೀಗೆಯೇ ಆಗುವ ಸಂಭವ ಹೆಚ್ಚು.

ಆಗದಿದ್ದರೆ? ಸ್ವಿಚ್ ಒತ್ತಿದರೂ ಏನೂ ಅಲುಗದಿದ್ದರೆ ಮುಂಭಾಗದ ಗುಂಡಿಯಿಂದ ಬರುವ ಎರಡು ತೆಳು ತಂತಿಗಳ ಪುಟ್ಟ ಪ್ಲಗ್ ಕಳಚಿರಬಹುದು, ಎಸ್‌ಎಂಪಿಎಸ್ ತೂರಿಸುವಾಗ ಕೈ ತಗುಲಿ ಬೀಳುವುದು ಸಾಮಾನ್ಯ. ಫ್ಯಾನ್ ತಿರುಗಿಯೂ ಚಿತ್ರ ಬರದಿದ್ದರೆ ರ‍್ಯಾಮ್ ತೆಗೆದು ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದದೆ ಒಣ ಬ್ರಷ್ಷಿನಿಂದ ತೆಗೆದು, ಬೇರೆ ಕುಳಿಯಲ್ಲಿ ಕೂರಿಸಿ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ವಿಶೇಷ ಮಹತ್ವ ಕೊಡುತ್ತೇನೆ. ಕಾರವಾರ, ಅಂಕೋಲಾ, ಕುಮಟಾದ ಕಡೆ ಗಾಳಿಯಲ್ಲೇ ಉಪ್ಪಿದೆ, ಸಮುದ್ರದತ್ತ ಕಿಟಕಿಯಿರುವ ಕೋಣೆಗಳ ಬೋರ್ಡುಗಳಲ್ಲಿ ಸ್ಕ್ರೂಗಳ ಸುತ್ತ ಬಿಳಿ ಹುಡಿ, ತಾಮ್ರದ ಮೇಲೆ ಹಸಿರು ಕಿಲುಬು ನೋಡುತ್ತಲೇ ಇರುತ್ತೇನೆ. ಘಟ್ಟದ ಮೇಲೆ ನಿಮ್ಮಲ್ಲಿ ಉಪ್ಪಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ತೇವ, ಜೊತೆಗೆ ಅಡಿಕೆ ಬೇಯಿಸುವ ಒಲೆಯ ಹೊಗೆ. ಧೂಳು ತೇವ ಹೀರಿ ಪಿನ್ನುಗಳ ನಡುವೆ ಕೂತಿದ್ದು, ಎಂಟು ವರ್ಷ ಅಲುಗಾಡದೆ ಇದ್ದ ಜಾಗದಲ್ಲಿ ನೀವು ಈಗ ಕೈಯಾಡಿಸಿದ್ದೀರಿ. ಹಾಗಾಗಿ ಚೆನ್ನಾಗಿದ್ದ ರ‍್ಯಾಮ್ ಕೂಡ ತಕರಾರು ಮಾಡಬಹುದು.

ಇನ್ನೊಂದು, ಬೋರ್ಡಿನ ಮೇಲಿನ ನಾಣ್ಯದಂತಹ ಸೆಲ್. ಸಿಆರ್2032, 3 ವೋಲ್ಟಿನದು. ಎಂಟು ವರ್ಷವಾದ ಸೆಲ್ ಬಹುಮಟ್ಟಿಗೆ ಮುಗಿದಿರುತ್ತದೆ. ಹಿಂದೆಲ್ಲ ಗೋಡೆಯ ಪ್ಲಗ್ ಸದಾ ಹಾಕಿಯೇ ಇರುತ್ತಿದ್ದುದರಿಂದ ನಿಮಗೆ ತಿಳಿದಿರಲಿಕ್ಕಿಲ್ಲ, ತಿಂಗಳು ಕಾಲ ವಿದ್ಯುತ್ ಇಲ್ಲದೆ ಬಿದ್ದಿದ್ದರಿಂದ ಈಗ ಬೋರ್ಡ್ ತನ್ನ ಹೊಂದಾಣಿಕೆಗಳನ್ನು ಮರೆತಿರಬಹುದು. ಪ್ಲಗ್ ಕಿತ್ತು, ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹೊಸದನ್ನು ಹಾಕಿ. ಚಿತ್ರ ಬಂದ ಮೇಲೆ ದಿನಾಂಕ ಸರಿಪಡಿಸಿ. ಇಲ್ಲವಾದರೆ ಬ್ಯಾಂಕಿನ ತಾಣಗಳು ತೆರೆಯುವುದಿಲ್ಲ, ಲೆಕ್ಕದಲ್ಲಿ ತಾರೀಖುಗಳು ಅಡ್ಡಾದಿಡ್ಡಿಯಾಗುತ್ತವೆ. ಆಮೇಲೆ ಡಿಸ್ಕ್ ಜೋಡಿಸಿದಾಗ ವಿಂಡೋಸ್ ಅರ್ಧಕ್ಕೆ ನಿಂತು ನೀಲಿ ಪರದೆ ತೋರಿಸಿದರೆ ಡಿಸ್ಕ್ ಕೆಟ್ಟಿದೆ ಎಂದು ಫಾರ್ಮ್ಯಾಟ್ ಮಾಡಲು ಹೋಗಬೇಡಿ. ಬಯೋಸ್‌ನಲ್ಲಿ (ಬೋರ್ಡಿನ ಸ್ವಂತ ಹೊಂದಾಣಿಕೆಗಳ ಪುಟ) ಡಿಸ್ಕ್ ಜೊತೆ ಮಾತಾಡುವ ಸಾಟಾ ವಿಧಾನ ಮೊದಲು ಎಎಚ್‌ಸಿಐ ಇತ್ತೇ, ಬೇರೆ ಇತ್ತೇ, ವಿಂಡೋಸ್ ಏಳಿಸುವ ಬೂಟ್ ವಿಧಾನ ಲೆಗಸಿಯೇ, ಯುಇಎಫ್‌ಐಯೇ ಎಂದು ಬದಲಿಸಿ ನೋಡಿ. ಮರೆತ ಹೊಂದಾಣಿಕೆಯಿಂದಲೇ ಹೀಗಾಗುವುದು ಹೆಚ್ಚು.

ಇಷ್ಟೆಲ್ಲ ಆದ ಮೇಲೂ, ಎರಡೂ ವಿದ್ಯುತ್ ಕೇಬಲ್ ಸರಿಯಾಗಿದ್ದು, ಬೇರೆ ಕಂಪ್ಯೂಟರಿನಲ್ಲಿ ಓಡುವ ರ‍್ಯಾಮ್ ಹಾಕಿಯೂ ಪರದೆ ಕಪ್ಪಾಗಿಯೇ ಇದ್ದರೆ, ಆಗ ಮದರ್‌ಬೋರ್ಡ್ ಅಥವಾ ಪ್ರೊಸೆಸರಿನ ಮೇಲೆ ಅನುಮಾನ ಪಡಬಹುದು. ಸಿಡಿಲು ಎಸ್‌ಎಂಪಿಎಸ್ ದಾಟಿ ಒಳಗೆ ಹೋಗುವುದಿದೆ. ಅದರಲ್ಲೂ ಬ್ರಾಡ್‌ಬ್ಯಾಂಡಿನ ತಾಮ್ರದ ತಂತಿಯಿಂದ ನೆಟ್‌ವರ್ಕ್ ಕುಳಿಯ ಮೂಲಕ ಬಂದರೆ ಎಸ್‌ಎಂಪಿಎಸ್ ಅದನ್ನು ತಡೆಯುವ ಮಾತೇ ಇಲ್ಲ. ಹಾಗಾಗಿದ್ದರೂ ಕೊಳ್ಳಬೇಕಾದದ್ದು ಅದೇ ಪ್ರೊಸೆಸರಿಗೆ ಹೊಂದುವ ಒಂದು ಬೋರ್ಡ್ ಮಾತ್ರ, ಹೊಸ ಕಂಪ್ಯೂಟರ್ ಅಲ್ಲ. ಪೆಟ್ಟಿಗೆ ತೆರೆಯದೆ ಫೋನಿನಲ್ಲಿ ಕೊಟ್ಟ ತೀರ್ಪಿಗೆ ಹಣ ಸುರಿಯಬೇಡಿ.

ಬಿಲ್ಲಿನ ಪ್ರಶ್ನೆಗೆ ಉತ್ತರ ಚಿಕ್ಕದು: ಹೆಚ್ಚಾಗುವುದಿಲ್ಲ. 550 ಎಂಬುದು ಕೊಡಬಲ್ಲ ಗರಿಷ್ಠ ಮಿತಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮ ಕಂಪ್ಯೂಟರ್ ಲೆಕ್ಕ ಬರೆಯುವಾಗ 100 ವ್ಯಾಟ್ ಕೂಡ ಎಳೆಯಲಿಕ್ಕಿಲ್ಲ.

ಆದರೆ ನೀವು ಕೇಳದ ಒಂದು ಪ್ರಶ್ನೆ ಉಳಿದಿದೆ. ಹಳೆಯ ಎಸ್‌ಎಂಪಿಎಸ್ ಏಕೆ ಸುಟ್ಟಿತು? ಅದು ತೀರದೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಸಿಡಿಲೇ ಕಾರಣ ಇರಬಹುದು. ಜೊತೆಗೆ ಮನೆಯ ಅರ್ತಿಂಗ್ ಹೇಗಿದೆ? ಹಿಂದೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತಿತ್ತೇ ಎಂದು ನೆನಪಿಸಿಕೊಳ್ಳಿ. ಎಸ್‌ಎಂಪಿಎಸ್ ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಮೈಗೆ ಪುಟ್ಟ ಕೆಪಾಸಿಟರ್‌ಗಳು ಜೋಡಿಸಿರುತ್ತವೆ. ಅವುಗಳಿಂದ ಸೋರುವ ಅಲ್ಪ ವಿದ್ಯುತ್ ಅರ್ತ್ ತಂತಿಯಲ್ಲಿ ಇಳಿದು ಹೋಗಬೇಕು. ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈಯಲ್ಲಿ 230ರ ಸುಮಾರು ಅರ್ಧ, 115 ವೋಲ್ಟಿನಷ್ಟು ಮೀಟರಿನಲ್ಲಿ ಕಾಣುತ್ತದೆ. ಜುಮ್ಮೆನ್ನುವುದು ಅದೇ. ನಮ್ಮ ಜಿಲ್ಲೆಯ ಚಿರೇಕಲ್ಲಿನ ನೆಲ ಮಳೆಗಾಲದಲ್ಲಿ ನೀರು ಕುಡಿದು ಅರ್ತಿಗೆ ಒಳ್ಳೆಯದಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ ಬಿರಿದಾಗ ಅರ್ತ್ ತಂತಿ ಇಳಿಬಿಟ್ಟ ಅದೇ ಗುಂಡಿ ಕೆಲಸಕ್ಕೆ ಬರುವುದಿಲ್ಲ. ಮತ್ತು ಗುಡುಗು ಸಿಡಿಲು ಜೋರಾಗಿ ಬರುವುದು ಸರಿಯಾಗಿ ಅದೇ ದಿನಗಳಲ್ಲಿ, ಮುಂಗಾರಿಗೆ ಮುಂಚೆ. ವೈರಿಂಗ್ ಮಾಡುವವರನ್ನು ಕರೆಸಿ ಪ್ಲಗ್ಗಿನಲ್ಲಿ ಫೇಸ್‌ನಿಂದ ಅರ್ತಿಗೆ, ನ್ಯೂಟ್ರಲ್‌ನಿಂದ ಅರ್ತಿಗೆ ಎಷ್ಟು ಬರುತ್ತದೆ ಎಂದು ಅಳೆಸಿ. ಮೊದಲನೆಯದು 230ರ ಆಸುಪಾಸು, ಎರಡನೆಯದು ಒಂದೆರಡು ವೋಲ್ಟ್ ಇದ್ದರೆ ಸರಿ. ಎರಡನೆಯದು ಹತ್ತಾರು ವೋಲ್ಟ್ ತೋರಿಸಿದರೆ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಹೊಸದಾಗಿ ಮಾಡಿಸಿ, ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವಾಗ ಅದಕ್ಕೂ ಎರಡು ಕೊಡ ಹಾಕಿಸಿ. ಗುಡುಗು ಕೇಳಿಸಿದ ಕೂಡಲೇ ಗೋಡೆಯ ಪ್ಲಗ್ ಮತ್ತು ನೆಟ್‌ವರ್ಕ್ ತಂತಿ ಎರಡನ್ನೂ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲಿಗೆ ಸ್ವಿಚ್ಚಿನೊಳಗಿನ ಅಂತರ ಯಾವ ಲೆಕ್ಕಕ್ಕೂ ಇಲ್ಲ.

ಹಳೆಯ ಪೆಟ್ಟಿಗೆಯ ಗಾಳಿಕಂಡಿಗೆ ಟಾರ್ಚ್ ಬಿಟ್ಟು ನೋಡಿ. ಹಲ್ಲಿಯೋ ಇರುವೆಗೂಡೋ ಇರಬಹುದು. ಮಲೆನಾಡಿನ ಮನೆಗಳಿಂದ ಬಂದ ಸುಟ್ಟ ಎಸ್‌ಎಂಪಿಎಸ್‌ಗಳಲ್ಲಿ ಬೆಚ್ಚಗಿನ ಜಾಗ ಹುಡುಕಿ ಹೋದ ಹಲ್ಲಿ ಎರಡು ಪಿನ್ನುಗಳ ನಡುವೆ ಸುಟ್ಟು ಕರಕಾಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಹಾಗಿದ್ದರೆ ಕ್ಯಾಬಿನೆಟ್ಟಿನ ಹಿಂದೆ ತೆರೆದಿರುವ ಖಾಲಿ ಕಂಡಿಗಳನ್ನು ಮುಚ್ಚಿ. ಗಾಳಿ ಹೋಗುವ ಜಾಲರಿಗಳನ್ನು ಮುಚ್ಚಬೇಡಿ.

ಮನೆಯಲ್ಲಿ ಇನ್ವರ್ಟರ್ ಅಥವಾ ಸಣ್ಣ ಯುಪಿಎಸ್ ಇದ್ದರೆ ಇನ್ನೊಂದು ತೊಡಕು ಎದುರಾಗಬಹುದು. ಹೊಸ ಎಸ್‌ಎಂಪಿಎಸ್‌ನಲ್ಲಿ ಆಕ್ಟಿವ್ ಪಿಎಫ್‌ಸಿ ಎಂಬ, ಕರೆಂಟನ್ನು ಅಲೆಗೆ ತಕ್ಕಂತೆ ಎಳೆದುಕೊಳ್ಳುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುವ ಅಗ್ಗದ ಯುಪಿಎಸ್ ಜೊತೆ ಕೆಲವಕ್ಕೆ ಹೊಂದುವುದಿಲ್ಲ, ಕರೆಂಟ್ ಹೋದ ಕ್ಷಣ ಕಂಪ್ಯೂಟರ್ ಆರಿಬಿಡುತ್ತದೆ. ಎಲ್ಲ ಸರಿಯಾದ ಮೇಲೆ, ಯಾವ ಕಡತವೂ ತೆರೆದಿಲ್ಲದಾಗ, ಯುಪಿಎಸ್‌ನ ಪ್ಲಗ್ ಕಿತ್ತು ಒಮ್ಮೆ ಪರೀಕ್ಷಿಸಿ. ಆರಿಹೋದರೆ ಹೊಸ ಎಸ್‌ಎಂಪಿಎಸ್ಸನ್ನು ದೂರಬೇಡಿ, ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಯುಪಿಎಸ್ ಬೇಕಾಗುತ್ತದೆ.

ಡಿಸ್ಕಿನಲ್ಲಿ ಶಾರ್ಟ್ ಇಲ್ಲವೆಂದಾದರೆ, ಬೋರ್ಡ್ ಎದ್ದ ಮೇಲೆ, ಹೊಸ ಪೆಟ್ಟಿಗೆಯ ಸ್ವಂತ ಕೇಬಲ್ಲಿನಿಂದ ಅದನ್ನು ಕಡೆಯದಾಗಿ ಜೋಡಿಸಿ. ಅದು ಗುಂಯ್ ಎಂದು ತಿರುಗಿ ವಿಂಡೋಸ್ ತೆರೆದುಕೊಂಡರೆ ಬೇರೆ ಯಾವ ಕೆಲಸವನ್ನೂ ಮುಟ್ಟದೆ ಲೆಕ್ಕದ ಕಡತಗಳನ್ನು ಒಂದು ಪೆನ್ ಡ್ರೈವಿಗೆ, ಇನ್ನೊಂದು ಪ್ರತಿಯನ್ನು ಬೆಂಗಳೂರಿನ ಅಕ್ಕನ ಮಗನಿಗೆ ಮೇಲ್ ಮೂಲಕ ಅಂದೇ ಕಳುಹಿಸಿ. ಒಮ್ಮೆ ಏಟು ತಿಂದ ಡಿಸ್ಕ್ ಎಷ್ಟು ದಿನ ನಡೆಯುತ್ತದೆಂದು ಹೇಳಲಾಗದು.

ಡಿಸ್ಕಿನ 5 ಮತ್ತು 12ರ ಪಟ್ಟಿಗಳಲ್ಲಿ ಎಷ್ಟು ಓಮ್ ಬಂತು, ಹೊಸ ಪೆಟ್ಟಿಗೆಯ 12 ಮತ್ತು 5 ಎಷ್ಟೆಷ್ಟು ತೋರಿಸಿತು, ನ್ಯೂಟ್ರಲ್‌ನಿಂದ ಅರ್ತಿಗೆ ಎಷ್ಟು ಬಂತು ಎಂಬ ಈ ಐದು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ನನಗೆ ಕಳುಹಿಸಿ. ಕಟ್ಟಿಟ್ಟಿದ್ದ 8 ಪಿನ್ನಿನ ಕೇಬಲ್ ಹಾಕಿದ ಮೇಲೆ ಪರದೆಯಲ್ಲಿ ಏನು ಕಂಡಿತು ಎಂಬುದನ್ನೂ ಬರೆಯಿರಿ. ಮುಂದಿನದನ್ನು ಅದರ ಮೇಲೆ ಹೇಳುತ್ತೇನೆ.